ಬೆರೆಂಖೇನಾ ಅಂದರೆ ನಮ್ಮ ಬದನೆಕಾಯಿ

ವಲೆನ್ಸಿಯಾ, ಸ್ಪೇನ್

ಪ್ರೀತಿಯ ಆಯಿ,

ಸಾಷ್ಟಾಂಗ ನಮಸ್ಕಾರ. ನಾನು ಇಲ್ಲಿ ಆರಾಮ. ಅಪ್ಪಯ್ಯನ ಮಂಡಿನೋವು ಕಡಿಮೆಯಾಯ್ತಾ?

ಸ್ಪ್ಯಾನಿಷ್ ಕಲಿಯೋದು ಎಲ್ಲಿಗೆ ಬಂತು ಅಂತ ನೀನು ಕೇಳಿದ್ದೆ. ಕ್ಲಾಸಿಗಿಂತ ಜಾಸ್ತಿ ಕಲಿತದ್ದು ಮಾರುಕಟ್ಟೆಯಲ್ಲೇ. ಊರ ನಡುವೆ 1928ರಲ್ಲಿ ತೆರೆದ ದೊಡ್ಡ ಮಾರುಕಟ್ಟೆ ಇದೆ. ಅಲ್ಲಿ ತರಕಾರಿ ಮಾರುವ ಒಬ್ಬ ಅಜ್ಜಿ, ಬೆರಳು ತೋರಿಸಿದರೆ ಏನೂ ಕೊಡುವುದಿಲ್ಲ. ಬದನೆಕಾಯಿ ಕೈಯಲ್ಲಿ ಹಿಡಿದು, "ಬೆ-ರೆಂ-ಖೇ-ನಾ" ಅಂತ ಬಿಡಿಸಿ ಹೇಳುತ್ತಾಳೆ. ನಾನು ಸರಿಯಾಗಿ ಹೇಳಿದ ಮೇಲೇ ತಕ್ಕಡಿಗೆ ಹಾಕುವುದು. ಎಷ್ಟು ಒಳ್ಳೆಯ ಟೀಚರ್ ಅಲ್ವಾ?

ಆ ಬೆರೆಂಖೇನಾ ನಮ್ಮ ಕಡೆಯಿಂದ ಹೊರಟ ಮಾತು, ಆಯಿ. ಬದನೆಕಾಯಿ ಭಾರತದಿಂದ ಪರ್ಷಿಯಾಕ್ಕೆ ಹೋಯಿತು, ಅಲ್ಲಿಂದ ಅರಬರಿಗೆ, ಅರಬರಿಂದ ಇಲ್ಲಿಗೆ. ಹೆಸರೂ ಅದರ ಜೊತೆಗೇ ಬಂತು. ಸಕ್ಕರೆಯದೂ ಅದೇ ದಾರಿ. ನಮ್ಮ ಶರ್ಕರ ಪರ್ಷಿಯಾದಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಇಲ್ಲಿ ಅಥೂಕರ್. ಮುಂದಿನ 'ಅ' ಯಾಕೆ ಬಂತು ಗೊತ್ತಾ? ಅರಬ್ಬಿಯಲ್ಲಿ ಹೆಸರಿನ ಮುಂದೆ 'ಅಲ್' ಸೇರಿಸುತ್ತಾರೆ. ಇಲ್ಲಿಯವರು ಅದನ್ನೂ ಸೇರಿಸಿಯೇ ಕಲಿತರು. ಅದಕ್ಕೇ ಅಕ್ಕಿ ಅರೋಥ್, ಎಣ್ಣೆ ಅಥೇಯ್ತೆ, ಹತ್ತಿ ಅಲ್ಗೊದೋನ್. ಇದು ಗೊತ್ತಾದ ಮೇಲೆ ನನಗೆ ಪದಗಳು ತಲೆಯಲ್ಲಿ ನಿಲ್ಲತೊಡಗಿದವು. ಸುಮ್ನೆ ಪಟ್ಟಿ ಬಾಯಿಪಾಠ ಮಾಡಿದರೆ ಒಂದೂ ನಿಲ್ಲುತ್ತಿರಲಿಲ್ಲ.

711ರಲ್ಲಿ ಉತ್ತರ ಆಫ್ರಿಕಾದಿಂದ ಸಮುದ್ರ ದಾಟಿ ಬಂದ, ಅರಬ್ಬಿ ಬಳಸುವ ಮುಸ್ಲಿಮರ ಆಳ್ವಿಕೆ ಸ್ಪೇನಿನ ದಕ್ಷಿಣದ ಗ್ರನಾದಾದಲ್ಲಿ ಕೊನೆಯಾದದ್ದು 1492ರಲ್ಲಿ. ಅಷ್ಟು ಕಾಲ ಜೊತೆಗೆ ಬಾಳಿದವರ ಮಾತು ಅಡುಗೆಮನೆಯಲ್ಲಿ ಉಳಿಯದೇ ಇರುತ್ತದಾ? ಸುಂಕದ ಕಚೇರಿಗೂ ಇಲ್ಲಿ ಅದುವಾನಾ ಅನ್ನುತ್ತಾರೆ. ಅದರ ಮೂಲ 'ದಿವಾನ್', ನಮ್ಮ ಮೈಸೂರಿನ ದಿವಾನರ ಹೆಸರಿನಲ್ಲಿ ಇದ್ದದ್ದೇ.

ಇನ್ನು ಕೆಲವು ಮಾತು ಕೇಳಿದಾಗ ನಮ್ಮ ಕಡೆಯವರೇ ಮಾತಾಡಿದಂತೆ ಆಗುತ್ತದೆ. ಅಂಗಡಿಯಲ್ಲಿ ದುಡ್ಡು ಕೊಡುವುದಕ್ಕೆ 'ಪಗಾರ್'. ನಾವು ಪಗಾರ ಅನ್ನುವುದು ಪೋರ್ಚುಗೀಸರಿಂದ ಬಂದದ್ದು, ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಎರಡೂ ಅಕ್ಕ-ತಂಗಿ ಭಾಷೆ. ನೀನು ಬಟಾಟೆ ಅನ್ನುವುದೂ ಹಾಗೇ. ಆ ಮಾತು ಮೊದಲು ಕೆರಿಬಿಯನ್ ದ್ವೀಪದ ಜನರದ್ದು, ಅವರು ಗೆಣಸಿಗೆ ಹಾಗೆ ಕರೆಯುತ್ತಿದ್ದರು. ನನ್ನ ಜೊತೆ ಇರುವ ಮೆಕ್ಸಿಕೋದ ಹುಡುಗಿಗೆ ಸಪೋಟದ ಫೋಟೋ ತೋರಿಸಿದೆ. "ಸಪೋತೆ!" ಅಂತ ಕುಣಿದೇಬಿಟ್ಟಳು. ಅವಳ ಊರಿನ ನಾವಾತ್ಲ್ ಭಾಷೆಯ ಮಾತಂತೆ ಅದು.

ಇದನ್ನು ಅಪ್ಪಯ್ಯನಿಗೆ ಓದಿ ಹೇಳು. ಇಲ್ಲಿ ತೋಟದ ಕಾಲುವೆಗೆ ಅಥೇಕಿಯಾ ಅನ್ನುತ್ತಾರೆ, ಅದೂ ಅರಬ್ಬಿಯದೇ. ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ, ದೊಡ್ಡ ಚರ್ಚಿನ ಬಾಗಿಲಲ್ಲಿ ನೀರಿನ ಪಂಚಾಯ್ತಿ ಕೂರುತ್ತದೆ. ಎಂಟು ಜನ ರೈತರು ಕರಿ ಅಂಗಿ ತೊಟ್ಟು ಕೂರುತ್ತಾರೆ, ಒಂದೊಂದು ಕಾಲುವೆಗೆ ಒಬ್ಬೊಬ್ಬರು, ಕಾಲುವೆಯವರೇ ಆರಿಸಿದವರು. ವಕೀಲರಿಲ್ಲ, ಎಲ್ಲ ಬಾಯಿಮಾತಿನಲ್ಲೇ. ಕಾಲುವೆಯ ಹೆಸರು ಒಂದೊಂದಾಗಿ ಕೂಗಿ ದೂರು ಇದೆಯಾ ಅಂತ ಕೇಳುತ್ತಾರೆ. ದೂರಿಲ್ಲದ ದಿನ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಕೂಗುವವನಿಗೆ ಸ್ಪ್ಯಾನಿಷ್‌ನಲ್ಲಿ ಅಲ್ಗುವಾಥಿಲ್ ಅನ್ನುತ್ತಾರೆ, ಅದು 'ವಜೀರ' ಅನ್ನುವ ಮಾತೇ. 2009ರಲ್ಲಿ ಯುನೆಸ್ಕೋ ಈ ಪಂಚಾಯ್ತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ.

ನಮ್ಮ ತೋಟದ ಹಳ್ಳದ ನೀರಿನ ಪಾಳಿ ಹೇಗೆ ಹಂಚುತ್ತಿದ್ದರು ಅಂತ ಅಪ್ಪಯ್ಯನ ಹತ್ತಿರ ಬರೆಸಿ ಕಳಿಸು. ಅವರು ಬಳಸುವ ಮಾತುಗಳಲ್ಲೇ ಇರಲಿ. ನಾನು ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳಲು ಕಲಿತು ಆ ಅಜ್ಜಿಗೆ ಹೇಳಬೇಕು. ಅವಳ ಮನೆಯವರೂ ಕಾಲುವೆ ನೀರಿನ ರೈತರೇ.

ಇಂತಿ ನಿನ್ನ ಮಗಳು