ಉಳ್ಳಾಲ ನಿಲ್ದಾಣಕ್ಕೆ ಮೊದಲು ಅಳತೆಪಟ್ಟಿ, ಆಮೇಲೆ ಬಣ್ಣ

ದಕ್ಷಿಣ ಕನ್ನಡದ ಮಾನ್ಯ ಸಂಸದರಿಗೆ ನಮಸ್ಕಾರ. ಉಳ್ಳಾಲ ರೈಲು ನಿಲ್ದಾಣವನ್ನು ಸುಧಾರಿಸುವುದಾದರೆ ಮೊದಲು ಏನಾಗಬೇಕು ಎಂದು ಹೇಳಲು ಈ ಪತ್ರ.

ಮಂಗಳೂರು ಸೆಂಟ್ರಲ್‌ನಿಂದ ಕಾಸರಗೋಡಿನ ಕಡೆ ಹೊರಟ ಪ್ಯಾಸೆಂಜರ್ ಗಾಡಿ ನೇತ್ರಾವತಿ ದಾಟಿದ ಮೇಲೆ ಉಳ್ಳಾಲ. ಸೋಮೇಶ್ವರದ ಕಡಲಿಗೆ ಅಲ್ಲಿಂದ ನಡೆದೇ ಹೋಗಬಹುದು. ಎಕ್ಸ್‌ಪ್ರೆಸ್‌ಗಳು ಹೆಚ್ಚಿನವು ನಿಲ್ಲದ ಕಾರಣ ಗದ್ದಲವಿಲ್ಲ; ಅದು ಹಾಗೆಯೇ ಇರಲಿ. ಕಮಾನು, ಸೆಲ್ಫಿ ಕಟ್ಟೆ ನಾವು ಕೇಳುತ್ತಿಲ್ಲ. ಅಧಿಕಾರಿಗಳ ಜೊತೆ ಬರುವಾಗ ಒಂದು ಅಳತೆಪಟ್ಟಿ ತನ್ನಿ, ಸಾಕು.

ಎತ್ತರದ ಪ್ಲಾಟ್‌ಫಾರಂ ಹಳಿಯ ಮೇಲ್ಮೈಯಿಂದ 760ರಿಂದ 840 ಮಿ.ಮೀ. ಇರಬೇಕೆಂಬುದು ರೈಲ್ವೆಯದೇ ನಿಯಮ. ಒಮ್ಮೆ ಕಟ್ಟಿದರೆ ಮುಗಿಯಿತು ಎಂದಲ್ಲ. ಹಳಿಯಡಿಯ ಜಲ್ಲಿ ಬಿಗಿಮಾಡುವಾಗೆಲ್ಲ ಹಳಿಯನ್ನು ತುಸು ಎತ್ತುತ್ತಾರೆ. ವರ್ಷಗಟ್ಟಲೆ ಹೀಗಾದರೆ ಪ್ಲಾಟ್‌ಫಾರಂ ಇದ್ದಲ್ಲೇ ಇದ್ದು ತಗ್ಗಾಗುತ್ತದೆ. ಮೀನಿನ ಬುಟ್ಟಿ ಹಿಡಿದವರಿಗೆ, ಮೊಣಕಾಲು ನೋವಿನ ಅಜ್ಜಿಯರಿಗೆ ಆ ಎರಡು ಮೂರು ಇಂಚೇ ಕಷ್ಟ, ಅದೂ ಗಾಡಿ ಒಂದೇ ನಿಮಿಷ ನಿಲ್ಲುವಾಗ. ಎರಡು ತುದಿ, ನಡು, ಮೂರು ಕಡೆಯೂ ಅಳೆಸಿ ಬರೆದಿಡಿಸಿ.

ಇನ್ನು ಪ್ಲಾಟ್‌ಫಾರಂನ ಮಾಡಿನ (ಚಾವಣಿಯ) ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮೇಲಿಂದ ಬೀಳುವುದಕ್ಕಿಂತ ಪಡುವಣದಿಂದ ಎರಚುವುದೇ ಹೆಚ್ಚು. ನಾಲ್ಕೂ ಕಡೆ ತೆರೆದ ಎತ್ತರದ ಮಾಡು ಬೇಸಿಗೆಗೆ ಚಂದ, ಆಟಿ ತಿಂಗಳ ಮಳೆಯಲ್ಲಿ ದಂಡ. ಪಡು ಬದಿಯ ಸೂರು ಕೆಳಗಿಳಿದಿರಬೇಕು, ಬೆನ್ನಿಗೆ ಗೋಡೆ ಬೇಕು. ಉಪ್ಪುಗಾಳಿಗೆ ತಗಡಿಗಿಂತ ಮೊದಲು ಬೋಲ್ಟು ತುಕ್ಕು ಹಿಡಿಯುತ್ತದೆ. ಮೇಲೆ ಬಣ್ಣ ಬಳಿದರೆ ಒಳಗೊಳಗೇ ತಿನ್ನುತ್ತದೆ. ಹಾಗಾಗಿ ಬಿಸಿ ಸತುವಿನಲ್ಲಿ ಅದ್ದಿದ ಕಬ್ಬಿಣ ಹಾಕಲಿ, ಸ್ಟೇನ್‌ಲೆಸ್ ಸ್ಟೀಲಾದರೆ 304 ದರ್ಜೆಯದು ಬೇಡ, ಉಪ್ಪನ್ನು ಹೆಚ್ಚು ತಡೆಯುವ 316 ಇರಲಿ. ಕೂರಲು ಕಾರ್ಕಳದ ಶಿಲೆಕಲ್ಲಿನ ಚಪ್ಪಡಿ ಸಾಕು, ಅದಕ್ಕೆ ತುಕ್ಕಿನ ಭಯವಿಲ್ಲ.

ಇಲ್ಲಿ ಜೋಡಿ ಹಳಿ. ನಿಂತ ಗಾಡಿಯ ಹಿಂದಿನಿಂದ ಹಳಿ ದಾಟುವವನಿಗೆ ಆಚೆ ಹಳಿಯಲ್ಲಿ ಬರುವುದು ಕಾಣುವುದಿಲ್ಲ. ವಿದ್ಯುತ್ ಎಂಜಿನ್ನಿನ ಸದ್ದು ಕಡಿಮೆ, ಕಡಲ ಗಾಳಿ ಅದನ್ನೂ ನುಂಗುತ್ತದೆ. ದಂಡದ ಫಲಕದಿಂದ ಇದು ನಿಲ್ಲದು. ಮೇಲ್ಸೇತುವೆಯ ಮೆಟ್ಟಿಲು ಜನ ನಡೆಯುವ ದಾರಿಗೇ ಇಳಿಯಬೇಕು. ಸುತ್ತಿ ಬರಬೇಕೆಂದರೆ ಯಾರೂ ಹತ್ತುವುದಿಲ್ಲ.

ಕೊನೆಗೆ ಒಂದು ಫಲಕ, ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ. ಸೂರ್ಯ ಮುಳುಗುವುದು ಡಿಸೆಂಬರ್‌ನಲ್ಲಿ 6ರ ಸುಮಾರಿಗೆ, ಜೂನ್‌ನಲ್ಲಿ 7ರ ಹತ್ತಿರ. ಅದನ್ನು ನೋಡಿ ಬಂದವರಿಗೆ ಮಂಗಳೂರಿಗೆ ಮರಳುವ ಕೊನೆಯ ಗಾಡಿಯ ಹೊತ್ತು ಅದರಲ್ಲಿ ಕಾಣಬೇಕು. 199 ಕಿ.ಮೀ.ವರೆಗಿನ ಕಾದಿರಿಸದ ಟಿಕೆಟ್ ತೆಗೆದು 3 ಗಂಟೆಯೊಳಗೆ, ಅಷ್ಟರಲ್ಲಿ ಗಾಡಿಯಿಲ್ಲದಿದ್ದರೆ ಮುಂದಿನ ಮೊದಲ ಗಾಡಿಗೆ, ಹತ್ತಬೇಕೆಂಬ ನಿಯಮವೂ ಇರಲಿ. ಸೋಮೇಶ್ವರದ ಬಂಡೆಗಳ ಮೇಲೆ ಮಳೆಗಾಲದಲ್ಲಿ ಇಳಿಯಬೇಡಿ ಎಂಬ ಸಾಲನ್ನೂ ಅಲ್ಲೇ ಬರೆಸಿ.

ಇತಿ,
ಉಳ್ಳಾಲದ ನಿತ್ಯ ಪ್ರಯಾಣಿಕರು