ಶೇಂಗಾ ಅಲ್ಲ, ತೂತು ಬಿದ್ದ ಗೂಡು: ಗೆಳೆಯನಿಗೊಂದು ಪತ್ರ

ಚಿಕ್ಕಬಳ್ಳಾಪುರ
19 ಏಪ್ರಿಲ್ 2026

ಪ್ರಿಯ ಗೆಳೆಯ,

ಈಸ್ಟರ್‌ಗೆಂದು ನಾನು ಕಳುಹಿಸಿದ ಕಾರ್ಡು ಹುಬ್ಬಳ್ಳಿಗೆ ತಲುಪಿದ್ದನ್ನೂ, ಅದರ ಮೇಲಿನ ಚಿತ್ರವನ್ನು ಕಂಡ ಕೂಡಲೇ ನಿನ್ನ ಮೊಮ್ಮಗಳು ‘ಅಜ್ಜಾ, ಇದು ಶೇಂಗಾ’ ಎಂದು ತೀರ್ಪು ಕೊಟ್ಟದ್ದನ್ನೂ ನೀನು ಫೋನಿನಲ್ಲಿ ಹೇಳಿದಾಗ ನಾನು ನಕ್ಕು ಸುಮ್ಮನಾದೆ. ಅದು ಶೇಂಗಾ ಅಲ್ಲ, ರೇಷ್ಮೆ ಗೂಡು. ಅದೂ ಒಂದು ತುದಿಯಲ್ಲಿ ತೂತು ಬಿದ್ದ ಗೂಡು. ಮಗುವಿನದೇನೂ ತಪ್ಪಿಲ್ಲ. ದ್ವಿತಳಿ ಎಂಬ ಬಗೆಯ ರೇಷ್ಮೆಹುಳು ಕಟ್ಟುವ ಬಿಳಿ ಗೂಡಿಗೆ ನಡುವೆ ಸಣ್ಣದೊಂದು ಸೊಂಟವಿರುತ್ತದೆ, ಕಾರ್ಡಿಗೆ ಒತ್ತುವ ರಬ್ಬರ್ ಠಸ್ಸೆಯನ್ನು ಕೆತ್ತುವ ಭರದಲ್ಲಿ ನಾನು ಆ ಸೊಂಟವನ್ನು ಸ್ವಲ್ಪ ಹೆಚ್ಚಾಗಿಯೇ ಬಿಗಿದಿದ್ದೇನೆ. ಮುಂದಿನ ವರ್ಷ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀನೇ ಕಾರ್ಡು ಮಾಡಬೇಕೆಂದಿರುವೆಯಾದ್ದರಿಂದ, ಅದನ್ನು ಹೇಗೆ ಮಾಡಿದೆ ಎನ್ನುವುದನ್ನೂ, ಮೊಲ ಮೊಟ್ಟೆಗಳನ್ನು ಬಿಟ್ಟು ಗೂಡನ್ನೇ ಏಕೆ ಹಿಡಿದೆ ಎನ್ನುವುದನ್ನೂ ಬಿಡುವಾಗಿ ಬರೆಯುತ್ತಿದ್ದೇನೆ.

ಮೂವತ್ತೊಂದು ವರ್ಷ ಟಪಾಲು ಶಾಖೆಯಲ್ಲಿ ಕೂತು ಆವಕ ಜಾವಕಗಳ ಮೇಲೆ ಠಸ್ಸೆ ಒತ್ತಿದವನು ನಾನು ಎಂಬುದು ನಿನಗೆ ಗೊತ್ತೇ ಇದೆ. ದಿನಾಂಕದ ಠಸ್ಸೆ, ಸ್ವೀಕೃತಿಯ ಠಸ್ಸೆ, ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಡುತ್ತಿದ್ದ ದುಂಡು ಮೊಹರು, ಇವುಗಳ ಸದ್ದಿನಲ್ಲೇ ನನ್ನ ಆಯುಷ್ಯದ ಬಹುಭಾಗ ಕಳೆಯಿತು. ನಿವೃತ್ತಿಯಾದ ಮೇಲೆ ಮತ್ತೆ ಅದೇ ಕೆಲಸಕ್ಕೆ ಕೂತಿದ್ದೀರಲ್ಲ ಎಂದು ಮನೆಯವಳು ಹಂಗಿಸುತ್ತಾಳೆ. ಆದರೆ ಕಚೇರಿಯಲ್ಲಿ ಯಾರೋ ಮಾಡಿಸಿಕೊಟ್ಟ ಠಸ್ಸೆಯನ್ನು ಒತ್ತುವುದಕ್ಕೂ ನಾವೇ ಕೆತ್ತಿದ್ದನ್ನು ಒತ್ತುವುದಕ್ಕೂ ಇರುವ ಅಂತರವನ್ನು ಅವಳಿಗೆ ಮಾತಿನಲ್ಲಿ ಹೇಳಲು ಹೋಗಲಿಲ್ಲ. ಒಂದು ಕಾರ್ಡನ್ನು ಒತ್ತಿ ಅವಳ ಕೈಗೆ ಕೊಟ್ಟೆ.

ಮೊದಲು ಚಿತ್ರದ ವಿಷಯ. ಅಂಗಡಿಯ ಈಸ್ಟರ್ ಕಾರ್ಡುಗಳಲ್ಲಿ ಇರುವ ಮೊಲ ಜರ್ಮನಿಯ ಕಡೆಯಿಂದ ಬಂದದ್ದು. ಮೊಲವು ಮೊಟ್ಟೆ ತಂದಿಡುತ್ತದೆ ಎಂಬ ಅಲ್ಲಿನ ಮಕ್ಕಳ ನಂಬಿಕೆಯನ್ನು 1682ರಷ್ಟು ಹಿಂದೆಯೇ ಜರ್ಮನ್ ವೈದ್ಯರೊಬ್ಬರು ಬರೆದಿಟ್ಟಿದ್ದಾರೆ. ಮೊಟ್ಟೆಗಾದರೂ ಒಂದು ಅರ್ಥವಿದೆ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟಿನ ನಲವತ್ತು ದಿನ ಮೊಟ್ಟೆ ತಿನ್ನದೆ ಬಿಟ್ಟು, ಹಬ್ಬದ ದಿನ ಬಣ್ಣ ಹಾಕಿ ಹಂಚುವ ಪದ್ಧತಿ ಯೂರೋಪಿನಲ್ಲಿ ಬೆಳೆಯಿತು, ಮೊಟ್ಟೆ ಒಡೆದು ಮರಿ ಬರುವುದನ್ನು ಯೇಸು ಸಮಾಧಿಯಿಂದ ಎದ್ದು ಬರುವುದಕ್ಕೆ ಹೋಲಿಸಿದರು. ಆ ಹೋಲಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಂದಿಬೆಟ್ಟದ ಈ ಸೀಮೆಯಲ್ಲಿ, ಮನೆಯೊಳಗಿನ ಜಾಗವನ್ನೇ ಹುಳುವಿಗೆ ಬಿಟ್ಟುಕೊಟ್ಟು ತಾವು ಜಗುಲಿಯಲ್ಲಿ ಮಲಗುತ್ತಿದ್ದ ಮನೆಗಳ ನಡುವೆ ಬೆಳೆದ ನನಗೆ, ಅದೇ ಮಾತನ್ನು ಹೇಳುವ ವಸ್ತು ಇನ್ನೂ ಹತ್ತಿರದಲ್ಲೇ ಇತ್ತು.

ಅದು ಕಣ್ಣಿಗೆ ಬಿದ್ದದ್ದು ಹೋದ ವರ್ಷ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ. ಭಾವಮೈದುನನ ಜೊತೆ ಹೋಗಿದ್ದೆ. ಅವನ ರಾಶಿಯಲ್ಲಿ ಕೈಯಾಡಿಸುತ್ತಿದ್ದ, ಗೂಡಿನಿಂದ ನೂಲು ಬಿಚ್ಚುವ ರೀಲರ್ ಒಬ್ಬ ನಾಲ್ಕೈದು ಗೂಡುಗಳನ್ನು ಹೆಕ್ಕಿ ಪಕ್ಕಕ್ಕೆ ಎಸೆದ. ಹುಳು ಗೂಡು ಕಟ್ಟುವ ತಟ್ಟೆಯಿಂದ ಬಿಡಿಸುವುದು ತಡವಾಗಿ ಅವುಗಳಿಂದ ಚಿಟ್ಟೆ ಹೊರಬಂದಿತ್ತು. ಒಳ್ಳೆಯ ಬಿಳಿ ಗೂಡೊಂದರಲ್ಲಿ ಸಾವಿರ ಮೀಟರಿನ ಆಸುಪಾಸು ಉದ್ದದ ಒಂದೇ ಎಳೆ ಇರುತ್ತದೆ. ಅದನ್ನು ಕಡಿಯದೆ ಬಿಚ್ಚಬೇಕೆಂದೇ ಒಳಗಿನ ಕೋಶವನ್ನು, ಅಂದರೆ ಚಿಟ್ಟೆಯಾಗಲಿರುವ ಹುಳುವನ್ನು, ಬಿಸಿ ಹಬೆಯಲ್ಲಿ ಕೊಲ್ಲುತ್ತಾರೆ. ತೂತು ಬಿದ್ದರೆ ಎಳೆ ಕೈಗೆ ಹತ್ತುವುದಿಲ್ಲ, ನೂಲು ಬಿಚ್ಚುವವನಿಗೆ ಅದು ಕಸ. ನಾನು ಆ ಎಸೆದ ಗೂಡುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡದ್ದನ್ನು ನೋಡಿ ಆ ಮನುಷ್ಯ ಭಾವಮೈದುನನನ್ನು ಕರೆದು ‘ನಿಮ್ಮ ಭಾವನವರಿಗೆ ಆರೋಗ್ಯ ಸರಿಯಾಗಿದೆಯೇ’ ಎಂದು ವಿಚಾರಿಸಿದನಂತೆ.

ಮನೆಗೆ ತಂದು ಭೂತಗನ್ನಡಿ ಹಿಡಿದು ನೋಡಿದೆ. ಚಿಟ್ಟೆ ಗೂಡನ್ನು ಕಚ್ಚಿ ಕತ್ತರಿಸಿ ಬರುತ್ತದೆ ಎಂದು ನಾವು ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆವಲ್ಲ, ಅದು ಹಾಗಲ್ಲ. ಕಚ್ಚಲು ಅದಕ್ಕೆ ಹಲ್ಲಿಲ್ಲ. ಬಾಯಿಂದ ಒಂದು ದ್ರವವನ್ನು ಒಸರಿಸಿ, ಎಳೆಗಳನ್ನು ಒಂದಕ್ಕೊಂದು ಅಂಟಿಸಿರುವ ಗೋಂದನ್ನು ಅದು ಕರಗಿಸುತ್ತದೆ, ಆಮೇಲೆ ಸಡಿಲವಾದ ಎಳೆಗಳನ್ನು ತಲೆಯಿಂದ ಅತ್ತಿತ್ತ ಸರಿಸಿಕೊಂಡು ಹೊರಬರುತ್ತದೆ. ಆ ಒದ್ದೆ ಆರಿದ ಮೇಲೆ ತೂತಿನ ಸುತ್ತ ತೆಳ್ಳಗಿನ ಕಂದು ಅಂಚೊಂದು ಉಳಿಯುತ್ತದೆ. ಒಳಗೆ ಇಣುಕಿದರೆ ಕೋಶದ ಒಣಗಿದ ಸಿಪ್ಪೆ ಮಾತ್ರ, ಬಿಟ್ಟುಹೋದ ಬಟ್ಟೆಯಂತೆ ಮಡಿಚಿಕೊಂಡು ಬಿದ್ದಿರುತ್ತದೆ. ಈಸ್ಟರ್ ಬೆಳಗಿನ ಆರಾಧನೆಯಲ್ಲಿ ನಮ್ಮ ಸಭಾಪಾಲಕರು ಪ್ರತಿವರ್ಷ ಓದುವ ಬರಿದಾದ ಸಮಾಧಿಯ ಭಾಗ, ಅಲ್ಲಿ ಬಿದ್ದಿದ್ದ ನಾರುಬಟ್ಟೆಗಳ ಮಾತು, ನೆನಪಾಗದೆ ಇರುವುದು ಹೇಗೆ? ಇದನ್ನೇ ಕೆತ್ತಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ತೀರ್ಮಾನಿಸಿದ್ದು ಸುಲಭ, ಬಿಳಿಯ ಗೂಡನ್ನು ಬಿಳಿಯ ಕಾಗದದ ಮೇಲೆ ಒತ್ತುವುದು ಹೇಗೆಂಬ ಪ್ರಶ್ನೆ ಎರಡು ವಾರ ಕಾಡಿತು. ಮಾಮೂಲಿ ಠಸ್ಸೆಯ ಶಾಯಿ ಕಾಗದದೊಳಗೆ ಇಂಗುವ ಬಣ್ಣದ ನೀರಾದ್ದರಿಂದ ಅದರಲ್ಲಿ ಬಿಳಿ ಎಂಬುದು ಸಾಧ್ಯವಿಲ್ಲ. ಬಿಳಿ ಬೇಕಾದರೆ ಕಾಗದದ ಮೇಲೆ ಕೂರುವ ಪಿಗ್ಮೆಂಟ್ ಶಾಯಿಯೂ ಅಡಿಯಲ್ಲಿ ಕಪ್ಪು ಅಥವಾ ಕಂದು ಕಾಗದವೂ ಬೇಕು, ಆ ಶಾಯಿ ಆರುವುದೂ ನಿಧಾನ. ಕೊನೆಗೆ ಗೂಡನ್ನು ಒತ್ತದೆಯೇ ಬಿಟ್ಟೆ. ಹಿಪ್ಪುನೇರಳೆ ಎಲೆಯೊಂದನ್ನು ದೊಡ್ಡದಾಗಿ ಕೆತ್ತಿ, ಅದರ ಮಧ್ಯದಿಂದ ಗೂಡಿನ ಆಕಾರವನ್ನು ತೆಗೆದುಹಾಕಿದೆ. ಹಸಿರಿನಲ್ಲಿ ಎಲೆ ಮೂಡುತ್ತದೆ, ಗೂಡಿನ ಜಾಗದಲ್ಲಿ ಕಾಗದದ ಬಿಳಿ ಹಾಗೇ ಉಳಿಯುತ್ತದೆ. ಅದರ ಮೇಲೆ ಬೂದು ಬಣ್ಣದಲ್ಲಿ ನಾಲ್ಕಾರು ಎಳೆಗಳ ಇನ್ನೊಂದು ಠಸ್ಸೆ. ತೂತಿನ ಅಂಚಿಗೆ ಏನನ್ನೂ ಕೆತ್ತಲಿಲ್ಲ: ಖಾಲಿಯಾದ ಬಾಲ್ ಪೆನ್ನಿನ ಮುಚ್ಚಳ ತೆಗೆದು, ಅದರ ಕೊಳವೆಯ ಬಾಯನ್ನು ಕಂದು ಪ್ಯಾಡಿಗೆ ತಾಗಿಸಿ ಒತ್ತಿದರೆ ಅಚ್ಚುಕಟ್ಟಾದ ಉಂಗುರ ಬೀಳುತ್ತದೆ. ಇಡೀ ಕಾರ್ಡಿನಲ್ಲಿ ನನಗೆ ತೀರಾ ಮೆಚ್ಚಿಗೆಯಾದದ್ದು, ಸುಳ್ಳೇಕೆ ಹೇಳಲಿ, ಆ ಪೆನ್ನಿನ ಉಂಗುರವೇ.

ಕೆತ್ತುವ ಕ್ರಮ ಕಷ್ಟದ್ದಲ್ಲ, ತಾಳ್ಮೆಯದು. ಚಿತ್ರಕಲೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಮೆತ್ತನೆಯ ಕೆತ್ತನೆ ರಬ್ಬರಿನ ಹಲಗೆ ಸಿಗುತ್ತದೆ, ಎಲೆಗೆ ಅದು ಬೇಕು. ಅಕ್ಷರಗಳಿಗೆ ಮಕ್ಕಳು ಅಳಿಸಲು ಬಳಸುವ ಬಿಳಿ ರಬ್ಬರೇ ಸಾಕು. ಚಿತ್ರವನ್ನು ಬಟರ್ ಪೇಪರಿನ ಮೇಲೆ ಮೆತ್ತನೆಯ 6ಬಿ ಪೆನ್ಸಿಲಿನಲ್ಲಿ ಬರೆದು, ಕಾಗದವನ್ನು ರಬ್ಬರಿನ ಮೇಲೆ ಬೋರಲಾಗಿ ಇಟ್ಟು ಉಗುರಿನಿಂದ ಉಜ್ಜಿದರೆ ಗೆರೆ ತಾನಾಗಿ ತಿರುಗುಮುರುಗಾಗಿ ಇಳಿಯುತ್ತದೆ. ನಂತರ ವಿ ಆಕಾರದ ಸಣ್ಣ ಉಳಿಯಿಂದ ಗೆರೆಯ ಹೊರಬದಿಯನ್ನು ತೆಗೆಯುತ್ತಾ ಹೋಗಬೇಕು. ಬಾಗಿದ ಗೆರೆ ಬಂದಾಗ ಉಳಿಯನ್ನು ತಿರುಗಿಸಬಾರದು, ಉಳಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ರಬ್ಬರನ್ನು ತಿರುಗಿಸಬೇಕು. ಕನ್ನಡದ ಅಕ್ಷರಗಳೆಲ್ಲ ದುಂಡಗಿನವಾದ್ದರಿಂದ ಈ ಒಂದು ಅಭ್ಯಾಸ ಕೈಗೆ ಕೂತರೆ ಅರ್ಧ ಕೆಲಸ ಮುಗಿದಂತೆ. ಉಳಿಯ ಮುಂದೆ ಎಡಗೈ ಬೆರಳು ಇರದಂತೆ ನೋಡಿಕೋ. ಮಗುವಿನ ಕೈಗೆ ಉಳಿ ಕೊಡಬೇಡ. ಅವಳಿಗೆ ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿ ಕೊಟ್ಟರೆ ಐದು ಎಸಳಿನ ಹೂವಿನ ಅಚ್ಚು ಸಿದ್ಧವಾಗಿಯೇ ಬರುತ್ತದೆ, ಅದನ್ನು ಒತ್ತಿಕೊಂಡು ಕೂರಲಿ.

ಅಕ್ಷರದಲ್ಲಿ ನಾನು ಎಡವಿದ ಕತೆಯನ್ನೂ ಹೇಳಿಬಿಡುತ್ತೇನೆ. ಕಾರ್ಡಿನ ಮೇಲೆ ‘ಎದ್ದಿದ್ದಾನೆ’ ಎಂಬ ಒಂದೇ ಪದವಿದ್ದರೆ ಸಾಕೆಂದುಕೊಂಡಿದ್ದೆ. ಅದರಲ್ಲಿರುವ ಎರಡು ಒತ್ತಕ್ಷರಗಳು ಎಷ್ಟು ಕಾಡಿದವೆಂದರೆ, ಸಂಜೆ ಪೂರ್ತಿ ಕೂತು ಕೆತ್ತಿ ಮುಗಿಸುವಷ್ಟರಲ್ಲಿ ಎರಡನೆಯ ದಕಾರದ ಕೆಳಗಿನ ಒತ್ತು ಬುಡಸಮೇತ ಕಿತ್ತು ಬಂತು. ಒತ್ತಿ ನೋಡಿದರೆ ‘ಎದ್ದಿದಾನೆ’ ಎಂದು ಬಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಮನೆಯವಳು ಬಂದು ಓದಿ, ಬೆಳಿಗ್ಗೆ ಬಾಗಿಲು ಬಡಿದು ಮಗ ಎದ್ದನೇ ಎಂದು ಕೇಳಿದವರಿಗೆ ನಾನು ಕೊಡುವ ಉತ್ತರ ಇದೇ ಅಲ್ಲವೇ ಎಂದಳು. ನಿಜ, ನಮ್ಮ ಕಡೆ ಬಾಯಲ್ಲಿ ಹೇಳುವುದು ಹಾಗೆಯೇ. ಗ್ರಂಥಭಾಷೆಯ ಸಮಾಚಾರ ನಮ್ಮ ಅಡುಗೆಮನೆಯ ಮಾತಾಗಿ ಬಂದಿತ್ತು. ಬೇರೊಂದು ರಬ್ಬರಿನಲ್ಲಿ ಸರಿಯಾದದ್ದನ್ನು ಕೆತ್ತಿದ್ದು ಹೌದು, ಹಿರಿಯರಿಗೆಲ್ಲ ಅದೇ ಹೋಯಿತು. ಆದರೆ ಮುರಿದ ಠಸ್ಸೆಯಲ್ಲೂ ಎಂಟು ಕಾರ್ಡು ಒತ್ತಿ ಹತ್ತಿರದವರಿಗೆ ಕಳುಹಿಸಿದೆ. ನಿನಗೆ ಬಂದದ್ದು ಯಾವುದು ಎಂದು ಈಗ ತೆಗೆದು ನೋಡು.

ಕಾಗದಕ್ಕೆ ಒರಟಾದ ಕೈಕಾಗದ ಚೆಂದವೆಂದು ಮೊದಲು ಅದನ್ನೇ ತಂದಿದ್ದೆ. ಹಳೆಯ ಅಭ್ಯಾಸದಿಂದ ಕಚೇರಿಯ ನೇರಳೆ ಪ್ಯಾಡಿನಲ್ಲಿ ಒತ್ತಿದರೆ ಶಾಯಿ ನಾರುನಾರಾಗಿ ಹರಡಿ, ಹಿಂಬದಿಗೂ ಇಳಿದು, ಎಲೆಯ ಬದಲು ಜೇಡರ ಹುಳುವೊಂದು ಕಾಲು ಚಾಚಿ ಕೂತಂತಾಯಿತು. ನುಣುಪಾದ ಆರ್ಟ್ ಪೇಪರಿನ ಮೇಲೆ ಶಾಯಿ ಆರದೆ ಬೆರಳಿಗೆ ಅಂಟುತ್ತದೆ. ಎರಡಕ್ಕೂ ನಡುವಿನದು 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಐವರಿ ಕಾರ್ಡು. ಎ4 ಹಾಳೆಯನ್ನು ಅಡ್ಡಲಾಗಿ ಎರಡು ಮಾಡಿ ಒಂದೊಂದನ್ನೂ ಮಡಿಚಿದರೆ 105 ಮತ್ತು 148 ಮಿಲಿಮೀಟರಿನ ಕಾರ್ಡಾಗುತ್ತದೆ. ಕಾಗದಕ್ಕೂ ಮರದಂತೆ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಎರಡು ಕಡೆಗೂ ಸ್ವಲ್ಪ ಬಗ್ಗಿಸಿ ನೋಡಿ, ಸಲೀಸಾಗಿ ಬಗ್ಗಿದ ದಿಕ್ಕಿನಲ್ಲೇ ಮಡಿಚಬೇಕು, ಇಲ್ಲದಿದ್ದರೆ ಮಡಿಕೆ ಬಿರಿಯುತ್ತದೆ. ಮಡಿಚುವ ಮುನ್ನ ಸ್ಕೇಲಿಟ್ಟು ಶಾಯಿ ಮುಗಿದ ರೀಫಿಲ್ಲಿನಿಂದ ಒಂದು ಗೆರೆ ಎಳೆ.

ಒತ್ತುವಾಗ ಸಣ್ಣ ಠಸ್ಸೆಯನ್ನು ಪ್ಯಾಡಿಗೆ ತಾಗಿಸಬಹುದು, ಎಲೆಯಂಥ ದೊಡ್ಡದಕ್ಕೆ ಪ್ಯಾಡನ್ನೇ ಕೈಯಲ್ಲಿ ಹಿಡಿದು ರಬ್ಬರಿನ ಮೇಲೆ ತಟ್ಟುತ್ತಾ ಶಾಯಿ ಹಚ್ಚಬೇಕು. ಕಚೇರಿಯ ಗುದ್ದು ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಕಲಿಯಲು ನನಗೆ ಹದಿನಾಲ್ಕು ಕಾರ್ಡು ಹಾಳಾದವು. ಮೂವತ್ತೊಂದು ವರ್ಷದ ಕೈ ನೋಡು, ಢಂ ಎಂದು ಬಿದ್ದರೆ ಕೆತ್ತಿ ತೆಗೆದ ಹಳ್ಳದ ಶಾಯಿಯೂ ಕಾಗದಕ್ಕೆ ತಾಗುತ್ತದೆ. ಕಾಗದದ ಅಡಿಗೆ ನಾಲ್ಕು ಮಡಿಕೆಯ ದಿನಪತ್ರಿಕೆ ಹಾಸಿ, ಠಸ್ಸೆಯನ್ನು ನೇರವಾಗಿ ಇಳಿಸಿ, ಅಂಗೈಯಿಂದ ಒಂದೇ ಸಮನೆ ಅದುಮಿ, ಅಲುಗಾಡಿಸದೆ ನೇರವಾಗಿ ಎತ್ತಬೇಕು. ಎರಡನೆಯ ಬಣ್ಣ ಮೊದಲನೆಯದರ ಮೇಲೆ ಸರಿಯಾಗಿ ಕೂರಲು ರಟ್ಟಿನ ಎರಡು ಪಟ್ಟಿಗಳನ್ನು ಮೂಲೆಯಂತೆ ಮೇಜಿಗೆ ಅಂಟಿಸಿ, ಕಾರ್ಡನ್ನು ಪ್ರತಿಸಲ ಅದಕ್ಕೇ ತಾಗಿಸಿ ಇಡು. ಫ್ಯಾನನ್ನು ಆರಿಸಿಬಿಡು, ಬೇಸಿಗೆಯಲ್ಲಿ ಇದು ಕಷ್ಟದ ಮಾತು, ಆದರೆ ಆರುತ್ತಿರುವ ಕಾರ್ಡುಗಳು ಒಂದರ ಮೇಲೊಂದು ಹಾರಿ ಬಿದ್ದರೆ ಕಷ್ಟ ಇನ್ನೂ ಹೆಚ್ಚು.

ದಿನದ ಲೆಕ್ಕವನ್ನು ಮೊದಲೇ ಹಾಕಿಕೋ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಹಿಂದೆ ಮುಂದೆ ಸರಿಯುವ ಹಬ್ಬ. ಈ ವರ್ಷ ಯುಗಾದಿಯ ಚಂದ್ರ ತುಂಬಿದ ಮೇಲಿನ ಭಾನುವಾರ ಬಂತು, ಏಪ್ರಿಲ್ 5. ಮುಂದಿನ ವರ್ಷ ಯುಗಾದಿಗೂ ಮುಂಚೆ, ಹೋಳಿ ಹುಣ್ಣಿಮೆಯ ಮೇಲಿನ ಭಾನುವಾರ, ಮಾರ್ಚ್ 28ಕ್ಕೇ ಬಂದುಬಿಡುತ್ತದೆ. ಲೆಂಟ್ ಶುರುವಾಗುವ ಬೂದಿ ಬುಧವಾರ ಫೆಬ್ರುವರಿ 10. ಅವತ್ತೇ ಕೆತ್ತಲು ಕೂತರೆ ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹೊತ್ತಿಗೆ ಅಂಚೆಗೆ ಹಾಕಬಹುದು. ಕಾರ್ಡೊಂದರ ತೂಕ ಒಂಬತ್ತೂವರೆ ಗ್ರಾಂ ಆಸುಪಾಸು, ಲಕೋಟೆ ಸೇರಿದರೂ 20 ಗ್ರಾಂ ದಾಟುವುದಿಲ್ಲವಾದ್ದರಿಂದ ಐದು ರೂಪಾಯಿಯ ಅಂಚೆಚೀಟಿಯಲ್ಲಿ ಹೋಗುತ್ತದೆ. ಅದರ ಮೇಲೆ ಅಂಚೆಯವರು ತಮ್ಮ ಕಪ್ಪು ಠಸ್ಸೆಯನ್ನು ಎಷ್ಟು ಜೋರಾಗಿ ಗುದ್ದುತ್ತಾರೆಂದರೆ, ಅದು ಕೆಲವೊಮ್ಮೆ ಒಳಗಿನ ಕಾರ್ಡಿನ ಮೇಲೂ ಉಬ್ಬಾಗಿ ಮೂಡುತ್ತದೆ. ವೃತ್ತಿಬಾಂಧವರಾದ್ದರಿಂದ ನಾನು ಏನೂ ಹೇಳುವಂತಿಲ್ಲ.

ಈ ಪತ್ರದ ಜೊತೆ ಸಣ್ಣ ಡಬ್ಬಿಯೊಂದರಲ್ಲಿ ಎರಡು ತೂತು ಗೂಡುಗಳನ್ನೂ ಒಂದು ತುಂಡು ರಬ್ಬರನ್ನೂ ಕಳುಹಿಸುತ್ತಿದ್ದೇನೆ. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಲು ಮೊಮ್ಮಗಳಿಗೆ ಹೇಳು, ಒಳಗಿನ ಸಿಪ್ಪೆ ಸದ್ದು ಮಾಡುತ್ತದೆ. ಅವಳು ಒತ್ತಿದ ಮೊದಲ ಕಾರ್ಡನ್ನು, ಅದರ ಮೇಲೆ ಶೇಂಗಾವೇ ಇದ್ದರೂ ಸರಿ, ಮರೆಯದೆ ನನಗೆ ಕಳುಹಿಸು.

ನಿನ್ನ,
ಹಳೆಯ ಗೆಳೆಯ