ಕಟಿಂಗ್ ಮಷಿನ್ ಮುಂದಿದ್ದ ಅಣ್ಣಾರಿಗೆ

ಬೆಟಗೇರಿಯ ನಮ್ಮ ಸಣ್ಣ ಚರ್ಚಿನಲ್ಲಿ ಈ ಮೇ ತಿಂಗಳು ಮೊದಲ ಸಲ ಮಕ್ಕಳ ರಜಾ ಬೈಬಲ್ ಶಾಲೆ. ಐದು ದಿನ, ಕೈಯಲ್ಲಿ 3,000 ರೂಪಾಯಿ. 25 ಮಕ್ಕಳು ಬಂದಾರು ಅಂದುಕೊಂಡಿದ್ದೆವು, ಬಂದದ್ದು 41. (ಚುರುಮುರಿ ಸುದ್ದಿ ಓಣಿಗೆಲ್ಲ ಹಬ್ಬಿತ್ತೇನೋ!) ಚಿತ್ರದ ಹಾಳೆ ಮೊದಲ ದಿನವೇ ಖಾಲಿ.

ಸಂಜೆ ಗದಗಿನ ಒಂದು ಪ್ರೆಸ್ಸಿಗೆ ಹೋಗಿ ಅಗ್ಗದ ಹಾಳೆ ಕೇಳಿದೆ. ನೀವು ಬೆಲೆ ಹೇಳಲಿಲ್ಲ. 'ಹುಡುಗರು ಎಷ್ಟು ದೊಡ್ಡವದಾವ್ರಿ?' ಅಂದಿರಿ. ಕ್ಯಾಲೆಂಡರ್ ಮುದ್ರಿಸಿ ಉಳಿದ ದಪ್ಪ ಹಾಳೆ ಕತ್ತರಿಸಿ, ಚೂಪು ಮೂಲೆ ಚುಚ್ಚೀತೆಂದು ದುಂಡಗೆ ಮಾಡಿ, ಉಳಿದ ನಾಲ್ಕು ದಿನಕ್ಕೆ ನಾಲ್ಕು ಕಟ್ಟು. ದುಡ್ಡು ಚಾಚಿದರೆ, 'ರದ್ದಿಗೇನ್ರಿ ರೊಕ್ಕ?' ಸೈಕಲ್ ಕ್ಯಾರಿಯರಿಗೆ ಸುತಳಿಯಿಂದ ಬಿಗಿದವರೂ ನೀವೇ. ಆ ರಾತ್ರಿ ಕಣ್ತುಂಬ ನಿದ್ದೆ ಬಂತು.

ಮಕ್ಕಳು ಮಾಡಿದ ನೋಹನ ನಾವೆಯಲ್ಲಿ ಒಂದು ಆನೆಯ ಬೆನ್ನ ಮೇಲೆ 'ಡಿಸೆಂಬರ್' ಅಂತ ಇನ್ನೂ ಕಾಣುತ್ತದೆ. ನಿಮ್ಮ ಹೆಸರು ಕೇಳೋದನ್ನ ಮರೆತೆ, ಅಣ್ಣಾರ. ಭಾಳ ಉಪಕಾರ ಆತ್ರಿ.